ವೈದ್ಯರ ಮತ್ತು ದಂತವೈದ್ಯರ ನೀತಿಸಂಹಿತೆಗಳು ಹುಟ್ಟಿ ಬೆಳೆದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೀತಿಸಂಹಿತೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಿಗೆ ಅದು ಒಣ ನಿಯಮಗಳ ಪಟ್ಟಿಯಾಗಿ ಕಾಣುವುದು ಸಹಜ. ಆದರೆ ಅದರ ಬಹುಪಾಲು ಸಾಲುಗಳ ಬೆನ್ನಿಗೆ ಒಂದು ಜಗಳವೋ ಒಂದು ಅನ್ಯಾಯವೋ ಇದೆ. ವೈದ್ಯರು ತಮ್ಮತಮ್ಮೊಳಗಿನ ಮನಸ್ತಾಪ ತೀರಿಸಿಕೊಳ್ಳಲು ಬರೆದುಕೊಂಡ ಕಾಗದದಲ್ಲಿ, ಹಕ್ಕುಳ್ಳ ಮನುಷ್ಯನಾಗಿ ರೋಗಿ ಕಾಣಿಸಿಕೊಳ್ಳಲು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಿಧಾನದ ಪಯಣವೇ ಈ ಉತ್ತರಗಳನ್ನೆಲ್ಲ ಹೆಣೆದಿರುವ ಎಳೆ.

ಪ್ರತಿಜ್ಞೆ, ಸಂಹಿತೆ, ಕಾನೂನು – ಮೂರೂ ಒಂದೇ ಅಲ್ಲವೇ?

ಅಲ್ಲ. ಪ್ರತಿಜ್ಞೆ ಒಬ್ಬ ವ್ಯಕ್ತಿ ತನ್ನ ಮನಸ್ಸಾಕ್ಷಿಯ ಮುಂದೆ ಆಡುವ ಮಾತು. ಸಂಹಿತೆ ಎಂದರೆ ವೃತ್ತಿಯವರೆಲ್ಲ ಸೇರಿ ಒಪ್ಪಿಕೊಂಡ ನಡವಳಿಕೆಯ ಬರಹ. ಮುರಿದವರನ್ನು ಸಂಘದಿಂದ ಹೊರಹಾಕಬಹುದು. ಕಾನೂನು ಸರ್ಕಾರದ್ದು. ಇತಿಹಾಸದಲ್ಲಿ ಇವು ಒಂದರೊಳಗೊಂದು ಬೆರೆತಿವೆ, ಹಾಗಾಗಿ ಗೊಂದಲ ಆಗುತ್ತದೆ.

ಎಲ್ಲಕ್ಕಿಂತ ಹಳೆಯದು ಯಾವುದು?

ಬರಹದಲ್ಲಿ ಉಳಿದಿರುವ ಹಳೆಯ ನಿಯಮಗಳ ಪೈಕಿ ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಕಾಲ ಸುಮಾರು ಕ್ರಿ.ಪೂ. 1750. ಕಂಚಿನ ಕತ್ತಿಯಿಂದ ಶಸ್ತ್ರಚಿಕಿತ್ಸೆ ಮಾಡಿ ಕುಲೀನನ ಜೀವ ಉಳಿಸಿದರೆ 10 ಶೆಕೆಲ್ ಬೆಳ್ಳಿ, ಸಾಮಾನ್ಯನಿಗೆ 5, ಗುಲಾಮನಿಗೆ 2. ಕುಲೀನ ಸತ್ತರೆ ವೈದ್ಯನ ಕೈ ಕಡಿಯಬೇಕು. ಗುಲಾಮ ಸತ್ತರೆ ಇನ್ನೊಬ್ಬ ಗುಲಾಮನನ್ನು ಕೊಟ್ಟರಾಯಿತು. ಹಲ್ಲಿನ ಮಾತೂ ಅದರಲ್ಲಿದೆ: ಸರೀಕನ ಹಲ್ಲು ಮುರಿದವನ ಹಲ್ಲನ್ನೂ ಮುರಿಯಬೇಕು.

ಇದನ್ನು ವೃತ್ತಿನೀತಿ ಎನ್ನಲು ನನಗೆ ಮನಸ್ಸಿಲ್ಲ. ಇದು ರಾಜ ವಿಧಿಸಿದ ದಂಡ. ವೈದ್ಯ ತನಗೆ ತಾನೇ ಹಾಕಿಕೊಂಡ ಗೆರೆ ಇದರಲ್ಲಿ ಒಂದೂ ಇಲ್ಲ.

ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರಟಿಸ್ ಹೆಸರಿನ ಪ್ರತಿಜ್ಞೆಯಲ್ಲಿ "ಮೊದಲು ಹಾನಿ ಮಾಡಬೇಡ" ಎಂದಿದೆಯೇ?

ಆ ಮಾತಿನಲ್ಲೇ ಇಲ್ಲ. ರೋಗಿಗೆ ಕೆಡುಕಾಗದಂತೆ ನೋಡಿಕೊಳ್ಳುತ್ತೇನೆ ಎಂಬ ಭಾವ ಪ್ರತಿಜ್ಞೆಯಲ್ಲಿದೆ. "ನೆರವಾಗು, ಇಲ್ಲವೇ ಹಾನಿಯನ್ನಾದರೂ ಮಾಡದಿರು" ಎಂಬ ಅರ್ಥದ ಸಾಲು ಅದೇ ಪರಂಪರೆಯ ಬೇರೊಂದು ಬರಹದಲ್ಲಿದೆ. ಎಲ್ಲರ ಬಾಯಲ್ಲಿರುವ ಲ್ಯಾಟಿನ್ ಘೋಷವಾಕ್ಯ ಬಹಳ ಈಚಿನದು.

ಪ್ರತಿಜ್ಞೆಯನ್ನು ಪೂರ್ತಿ ಓದಿದವರು ಕಡಿಮೆ. ಅಪೊಲೊ, ಅಸ್ಕ್ಲೀಪಿಯಸ್ ಮೊದಲಾದ ದೇವತೆಗಳ ಸಾಕ್ಷಿಯಾಗಿ ಶಿಷ್ಯ ಮೊದಲು ಹೇಳುವುದು ಗುರುವಿನ ಬಗ್ಗೆ: ಗುರುವನ್ನು ಹೆತ್ತವರಂತೆ ಕಾಣುತ್ತೇನೆ, ಅವನ ಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆ ಕಲಿಸುತ್ತೇನೆ. ರೋಗಿ ಬರುವುದು ಆಮೇಲೆ. ಕೇಳಿದರೂ ಸಾಯುವ ಮದ್ದು ಕೊಡುವುದಿಲ್ಲ, ಮೂತ್ರಕೋಶದ ಕಲ್ಲಿಗೆ ಕತ್ತಿ ಹಿಡಿಯುವುದಿಲ್ಲ, ಮನೆಯಲ್ಲಿ ಕಂಡದ್ದು ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ. ಈ ಕೊನೆಯ ಮಾತು ಇಂದಿನ ಎಲ್ಲ ಸಂಹಿತೆಗಳಲ್ಲೂ ಉಳಿದುಕೊಂಡಿದೆ.

ಗ್ರೀಸಿನ ಹೊರಗೆ ಇಂಥದ್ದು ಇರಲಿಲ್ಲವೇ?

ಇತ್ತು, ಅದೂ ಎಷ್ಟು ಸೂಕ್ಷ್ಮವಾಗಿ! ಚರಕಸಂಹಿತೆಯ ವಿಮಾನಸ್ಥಾನ ಎಂಬ ಭಾಗದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿ. ಅಗ್ನಿಯ ಮುಂದೆ, ವೈದ್ಯರ ಸಮ್ಮುಖದಲ್ಲಿ ಗುರು ಶಿಷ್ಯನಿಗೆ ಉಪದೇಶ ಮಾಡುತ್ತಾನೆ: ನಿನ್ನ ಜೀವಕ್ಕೆ ಕುತ್ತು ಬಂದರೂ ರೋಗಿಗೆ ದ್ರೋಹ ಬಗೆಯಬೇಡ. ಪರಿಚಿತರ ಜೊತೆಯಲ್ಲಿ, ಅನುಮತಿ ಪಡೆದು ಮನೆಯೊಳಗೆ ಹೋಗು. ಒಳಗೆ ಹೋದ ಮೇಲೆ ನಿನ್ನ ಮಾತು, ಮನಸ್ಸು, ಬುದ್ಧಿ, ಇಂದ್ರಿಯಗಳು ರೋಗಿಯ ಹಿತದ ಹೊರತು ಬೇರೆಲ್ಲಿಯೂ ಹರಿಯಬಾರದು. ಆ ಮನೆಯ ವಿಚಾರವನ್ನು ಹೊರಗೆ ಒಯ್ಯಬೇಡ. ತಿಳಿದವನಾಗಿದ್ದರೂ ನಿನ್ನ ವಿದ್ಯೆಯನ್ನು ನೀನೇ ಹೊಗಳಿಕೊಳ್ಳಬೇಡ.

ಇದೇ ಉಪದೇಶದಲ್ಲಿ, ರಾಜನ ದ್ವೇಷಕ್ಕೆ ಗುರಿಯಾದವರಿಗೆ, ಗಂಡನೋ ಪೋಷಕನೋ ಜೊತೆಗಿಲ್ಲದ ಹೆಂಗಸಿಗೆ ಚಿಕಿತ್ಸೆ ಕೊಡಬೇಡ ಎಂಬ ಮಾತೂ ಇದೆ. ಹೆಮ್ಮೆಪಡುವಾಗ ಅದನ್ನು ಬಿಟ್ಟು ಓದುವುದು ಸರಿಯಲ್ಲ. ಏಳನೆಯ ಶತಮಾನದ ಚೀನೀ ವೈದ್ಯ ಸುನ್ ಸಿಮಿಯಾವೊ ಈ ವಿಚಾರದಲ್ಲಿ ಇನ್ನಷ್ಟು ಉದಾರಿ: ಬಡವ ಬಲ್ಲಿದ, ಮಿತ್ರ ಶತ್ರು ಎಂದು ನೋಡದೆ ಎಲ್ಲರನ್ನೂ ಸಮನಾಗಿ ಕಾಣಬೇಕು ಎಂದು ಬರೆದ.

ಹಾಗಾದರೆ ಆಧುನಿಕ ಸಂಹಿತೆ ಶುರುವಾದದ್ದು ಎಲ್ಲಿ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಒಂದು ಆಸ್ಪತ್ರೆಯ ಜಗಳದಲ್ಲಿ. 1789ರ ಸುಮಾರಿಗೆ ಅಲ್ಲಿ ಜ್ವರದ ಹಾವಳಿ ಎದ್ದಿತು. ಆಸ್ಪತ್ರೆ ನಡೆಸುವವರಿಗೂ ವೈದ್ಯರಿಗೂ ನಡುವೆ ವೈಮನಸ್ಯ ಬೆಳೆದು ರಾಜೀನಾಮೆಯವರೆಗೂ ಹೋಯಿತು. ಮತ್ತೆ ಹೀಗಾಗದಿರಲಿ ಎಂದು ನಿಯಮ ಬರೆದುಕೊಡುವಂತೆ ಥಾಮಸ್ ಪರ್ಸಿವಲ್ ಎಂಬ ಹಿರಿಯ ವೈದ್ಯರನ್ನು 1792ರಲ್ಲಿ ಕೇಳಿಕೊಂಡರು. ಅವರು ವರ್ಷಗಟ್ಟಲೆ ತಿದ್ದಿ 1803ರಲ್ಲಿ ಪ್ರಕಟಿಸಿದರು. "ವೈದ್ಯಕೀಯ ನೀತಿ" ಎಂಬ ಪದಪುಂಜವನ್ನು ಚಲಾವಣೆಗೆ ತಂದವರು ಅವರೇ.

ಇಬ್ಬರು ವೈದ್ಯರು ಒಬ್ಬ ರೋಗಿಯನ್ನು ನೋಡುವಾಗ ಯಾರು ಮೊದಲು ಮಾತನಾಡಬೇಕು, ಇನ್ನೊಬ್ಬರ ರೋಗಿಯನ್ನು ಯಾವಾಗ ನೋಡಬಹುದು – ಇಂಥ ಸಂಗತಿಗಳಿಗೆ ಅದರಲ್ಲಿ ದೊಡ್ಡ ಜಾಗವಿದೆ. ಅದು ಶಿಷ್ಟಾಚಾರವೇ ಹೊರತು ನೀತಿಯಲ್ಲ ಎಂದು ಟೀಕಿಸುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹಾಸಿಗೆಯ ಪಕ್ಕದಲ್ಲೇ ವೈದ್ಯರು ಕಿತ್ತಾಡಿದರೆ ನರಳುವುದು ಹಾಸಿಗೆಯ ಮೇಲಿದ್ದವರೇ.

1847ರ ಅಮೆರಿಕನ್ ಸಂಹಿತೆಯಲ್ಲಿ ರೋಗಿಗಳಿಗೂ ಕರ್ತವ್ಯಗಳಿದ್ದವಂತೆ, ನಿಜವೇ?

ನಿಜ. 1847ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ವೈದ್ಯಕೀಯ ಸಂಘ ಹುಟ್ಟಿತು; ಆ ಸಭೆಯಲ್ಲೇ ಸಂಹಿತೆಯೂ ಅಂಗೀಕಾರವಾಯಿತು. ಪರ್ಸಿವಲ್ ಬರಹವೇ ಅದರ ಮೂಲ. ಇಡೀ ರಾಷ್ಟ್ರದ ವೈದ್ಯರ ಸಂಘವೊಂದು ಹೀಗೆ ಒಟ್ಟಾಗಿ ಒಪ್ಪಿಕೊಂಡದ್ದು ಅದೇ ಮೊದಲು.

ಅದೊಂದು ಒಡಂಬಡಿಕೆಯ ರೂಪದಲ್ಲಿದೆ: ವೈದ್ಯರು ರೋಗಿಗಳಿಗೆ, ವೈದ್ಯರು ಪರಸ್ಪರರಿಗೆ, ವೈದ್ಯರು ಸಮಾಜಕ್ಕೆ, ಪ್ರತಿಯಾಗಿ ರೋಗಿಗಳು ಮತ್ತು ಸಮಾಜ ವೈದ್ಯರಿಗೆ. ರೋಗಿ ಕಾಯಿಲೆಗೆ ಸಂಬಂಧಪಡದ ಉದ್ದುದ್ದ ಕಥೆ ಹೇಳಿ ವೈದ್ಯರನ್ನು ದಣಿಸಬಾರದು, ಹೇಳಿದ ಚಿಕಿತ್ಸೆಯನ್ನು ಎದುರಾಡದೆ ಪಾಲಿಸಬೇಕು, ತನ್ನ ವೈದ್ಯರ ಒಪ್ಪಿಗೆಯಿಲ್ಲದೆ ಇನ್ನೊಬ್ಬರನ್ನು ಕರೆಸಬಾರದು. ಇಂದು ಓದಿದರೆ ಸಿಟ್ಟು ಬರುತ್ತದೆ. ಆದರೆ ಅದೇ ಸಂಹಿತೆ ವೈದ್ಯರಿಗೆ ಹಾಕಿದ ಹೊರೆಯನ್ನೂ ನೋಡಬೇಕು: ಸಾಂಕ್ರಾಮಿಕ ಬಂದಾಗ ಪ್ರಾಣದ ಅಪಾಯವಿದ್ದರೂ ಎದುರಿಸಿ ನಿಲ್ಲಬೇಕು, ಬಡವರಿಗೆ ಹಣ ಪಡೆಯದೆ ಚಿಕಿತ್ಸೆ ಕೊಡಬೇಕು. ಆಗ ಕಾಲರಾ ಬಂದರೆ ಸಾಮಾನ್ಯವಾದ ಮಾತಲ್ಲ. ಅಂಥ ಕಾಲದಲ್ಲಿ ಈ ಸಾಲಿಗೆ ಕೈಯೆತ್ತಿದವರ ಬಗ್ಗೆ ನನಗೆ ಗೌರವವಿದೆ.

ದಂತವೈದ್ಯರಿಗೆ ಬೇರೆ ಸಂಹಿತೆ ಏಕೆ ಬೇಕಾಯಿತು?

ಅವರ ಹಾದಿಯೇ ಬೇರೆ ಇತ್ತು. ಯುರೋಪಿನಲ್ಲಿ ಹಲ್ಲು ಕೀಳುವ ಕೆಲಸ ಬಹುಕಾಲ ಕ್ಷೌರಿಕರದ್ದು, ಸಂತೆಯಲ್ಲಿ ವೇದಿಕೆ ಹಾಕುವವರದ್ದು. ದಂತವೈದ್ಯಶಾಸ್ತ್ರಕ್ಕೆ ಬುನಾದಿ ಹಾಕಿದ ಪ್ಯಾರಿಸ್ಸಿನ ಪಿಯೆರ್ ಫೋಷಾರ್ 1728ರ ತಮ್ಮ ಗ್ರಂಥದಲ್ಲಿ ಅಂಥವರ ಕೈಚಳಕವನ್ನು ಬಯಲಿಗೆಳೆದರು. ದುಡ್ಡಿಗೆ ಗೊತ್ತುಮಾಡಿಕೊಂಡ ಒಬ್ಬ ಬಡಪಾಯಿ, ರಕ್ತ ತುಂಬಿದ ತೆಳು ಪೊರೆಯಲ್ಲಿ ಒಂದು ಹಲ್ಲನ್ನು ಸುತ್ತಿ ಬಾಯಲ್ಲಿಟ್ಟುಕೊಂಡು ಗುಂಪಿನಿಂದ ಮುಂದೆ ಬರುತ್ತಾನೆ. ವೇದಿಕೆಯವನು ಮುಟ್ಟಿದಂತೆ ಮಾಡುತ್ತಾನೆ. ಇವನು ರಕ್ತದೊಂದಿಗೆ ಹಲ್ಲನ್ನು ಉಗುಳಿ, ಸ್ವಲ್ಪವೂ ನೋವಾಗಲಿಲ್ಲ ಎನ್ನುತ್ತಾನೆ. ನಿಜವಾದ ಹಲ್ಲುನೋವಿನವರು ಮುಗಿಬೀಳುತ್ತಾರೆ.

ಇವರಿಂದ ನಾವು ಬೇರೆ ಎಂದು ತೋರಿಸುವ ಹಂಬಲವೇ ದಂತವೈದ್ಯರ ಸಂಘಟನೆಯ ಬೇರು. 1840ರಲ್ಲಿ ಬಾಲ್ಟಿಮೋರಿನಲ್ಲಿ ಪ್ರತ್ಯೇಕ ದಂತವೈದ್ಯ ಕಾಲೇಜು ಆರಂಭವಾಯಿತು. 1859ರಲ್ಲಿ ನಯಾಗರಾ ಜಲಪಾತದ ಊರಿನಲ್ಲಿ ಅಮೆರಿಕನ್ ದಂತವೈದ್ಯ ಸಂಘ ಸ್ಥಾಪನೆಯಾಯಿತು. 1866ರಲ್ಲಿ ಅದು ತನ್ನ ಸಂಹಿತೆಯನ್ನು ಅಂಗೀಕರಿಸಿತು. ಬಹುಮಟ್ಟಿಗೆ ವೈದ್ಯರದನ್ನೇ ಅನುಸರಿಸಿದ್ದು. ಕರಪತ್ರ ಹಂಚುವುದು, ಕಡಿಮೆ ದರ ಎಂದು ಬೋರ್ಡು ಹಾಕುವುದು, ನೆರೆಯ ದಂತವೈದ್ಯರಿಗಿಂತ ತಾನೇ ಮೇಲೆಂದು ಹೇಳಿಕೊಳ್ಳುವುದು ವೃತ್ತಿಗೆ ತಕ್ಕುದಲ್ಲ ಎಂದು ಅದು ಸಾರಿತು.

"ಅಮಾಲ್ಗಮ್ ಯುದ್ಧ" ಎಂದರೇನು?

ಸಂಹಿತೆಯನ್ನು ದೊಣ್ಣೆಯಂತೆ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. 1833ರಲ್ಲಿ ಕ್ರಾಕೂರ್ ಸಹೋದರರು ಬೆಳ್ಳಿ ಮತ್ತು ಪಾದರಸದ ಮಿಶ್ರಣವನ್ನು, ಅಂದರೆ ಅಮಾಲ್ಗಮ್ಮನ್ನು, ಭಾರಿ ಹೆಸರಿಟ್ಟು ನ್ಯೂಯಾರ್ಕಿಗೆ ತಂದರು. ಹುಳುಕನ್ನು ತೆಗೆಯದೆಯೇ ಹಲ್ಲಿನ ಕುಳಿಗೆ ಅದನ್ನು ಒತ್ತಿ ತುಂಬುತ್ತಿದ್ದರು. ಚಿನ್ನದ ಹಾಳೆಯನ್ನು ಬಹಳ ಹೊತ್ತು ತಾಳ್ಮೆಯಿಂದ ಕೂರಿಸುತ್ತಿದ್ದ ದಂತವೈದ್ಯರಿಗೆ ಇದು ಅವಮಾನವಾಗಿಯೂ ಹೊಟ್ಟೆಪಾಡಿನ ಬೆದರಿಕೆಯಾಗಿಯೂ ಕಂಡಿತು. ಪಾದರಸದ ಭಯವೂ ಸುಳ್ಳಾಗಿರಲಿಲ್ಲ.

ಅಮೆರಿಕನ್ ದಂತವೈದ್ಯ ಸಂಘಕ್ಕೂ ಮುಂಚೆ ಇದ್ದ ಅವರ ಸಂಘ 1845ರಲ್ಲಿ, ಅಮಾಲ್ಗಮ್ ಬಳಸುವುದಿಲ್ಲವೆಂದು ಸದಸ್ಯರೆಲ್ಲ ಸಹಿ ಹಾಕಬೇಕು ಎಂದಿತು. ಹಾಕದವರಿಗೆ ಹೊರಗಿನ ದಾರಿ. ಸದಸ್ಯರು ಚದುರಿದರು, 1850ರಲ್ಲಿ ನಿಯಮವನ್ನು ಹಿಂತೆಗೆದುಕೊಂಡರೂ ಸಂಘ ಚೇತರಿಸಿಕೊಳ್ಳಲಿಲ್ಲ, 1856ರಲ್ಲಿ ಮುಚ್ಚಿಹೋಯಿತು. ಮಿಶ್ರಣವನ್ನು ಉತ್ತಮಪಡಿಸಿದ ಮೇಲೆ ಅದೇ ಅಮಾಲ್ಗಮ್ ನೂರು ವರ್ಷಕ್ಕೂ ಹೆಚ್ಚು ಕಾಲ ಲೋಕದ ಹಲ್ಲುಗಳನ್ನು ತುಂಬಿತು.

ಚಿಕಿತ್ಸೆಯನ್ನು ಗುಟ್ಟಾಗಿಡುವುದು, ಪೇಟೆಂಟ್ ಪಡೆಯುವುದು ಏಕೆ ತಪ್ಪೆನಿಸಿತು?

ಬಾಸ್ಟನ್, 1846. ದಂತವೈದ್ಯ ವಿಲಿಯಂ ಮಾರ್ಟನ್ ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಆವಿ ಉಸಿರಾಡಿಸಿ ಮೈಮರೆಸಿದರು. ಶಸ್ತ್ರವೈದ್ಯರು ಕತ್ತಿನ ಗಡ್ಡೆಗೆ ಶಸ್ತ್ರಕ್ರಿಯೆ ಮಾಡಿದರು. ಜಗತ್ತು ಬೆರಗಾಯಿತು. ಆದರೆ ಆ ದ್ರವ ಏನೆಂದು ಮಾರ್ಟನ್ ಹೇಳಲಿಲ್ಲ. ವಾಸನೆ ಮರೆಮಾಡಲು ಸುಗಂಧ ಬೆರೆಸಿ, "ಲೀಥಿಯಾನ್" ಎಂದು ಹೆಸರಿಟ್ಟು, ಪೇಟೆಂಟಿಗೆ ಅರ್ಜಿ ಹಾಕಿದ್ದರು.

ನವೆಂಬರ್ 7ರಂದು ಒಬ್ಬ ಯುವತಿಯ ಕಾಲು ಕತ್ತರಿಸಬೇಕಿತ್ತು. ಏನೆಂದು ತಿಳಿಯದ ಗುಪ್ತ ಔಷಧವನ್ನು ಬಳಸುವುದು ನಮ್ಮ ನಿಯಮಕ್ಕೆ ವಿರುದ್ಧ ಎಂದು ಶಸ್ತ್ರವೈದ್ಯರು ಪಟ್ಟು ಹಿಡಿದರು. ಈಗ ಆ ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಯಮಕ್ಕೆ ಅಂಟಿಕೊಂಡರೆ ಆಕೆ ಎಚ್ಚರದಲ್ಲೇ ಗರಗಸವನ್ನು ಸಹಿಸಬೇಕು. ಬಿಟ್ಟುಕೊಟ್ಟರೆ ನೋವು ನಿವಾರಣೆ ಒಬ್ಬ ವ್ಯಾಪಾರಿಯ ಗುಟ್ಟಾಗಿ ಉಳಿಯುತ್ತದೆ. ಕೊನೆಗೆ ಮಾರ್ಟನ್ ಬಾಯಿಬಿಟ್ಟರು: ಅದು ಈಥರ್, ಎಲ್ಲರಿಗೂ ಗೊತ್ತಿದ್ದ ವಸ್ತು. ಮರುವರ್ಷದ ವೈದ್ಯರ ಸಂಹಿತೆ ಪೇಟೆಂಟನ್ನೂ ಗುಪ್ತ ಔಷಧವನ್ನೂ ವೃತ್ತಿಗೆ ಕಳಂಕ ಎಂದು ಕರೆಯಿತು.

ದಂತವೈದ್ಯರಿಗೆ ಪೇಟೆಂಟಿನ ಬಿಸಿ ಇನ್ನೂ ಹೆಚ್ಚು ತಟ್ಟಿತು. ಹಲ್ಲಿನ ಸೆಟ್ಟಿಗೆ ಬಳಸುತ್ತಿದ್ದ ಗಟ್ಟಿ ರಬ್ಬರಿನ ಪೇಟೆಂಟ್ ಹಿಡಿದ ಕಂಪನಿಯೊಂದು ವರ್ಷಗಟ್ಟಲೆ ಅವರಿಂದ ಪರವಾನಗಿ ಹಣ ವಸೂಲು ಮಾಡಿತು, ಕೊಡದವರನ್ನು ಕೋರ್ಟಿಗೆಳೆಯಿತು. ಆ ಕಂಪನಿಯ ಖಜಾಂಚಿ ಜೊಸೈಯಾ ಬೇಕನ್ ಅವರನ್ನು 1879ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಒಬ್ಬ ದಂತವೈದ್ಯನೇ ಗುಂಡಿಕ್ಕಿ ಕೊಂದ.

ಜಾಹೀರಾತಿನ ನಿಷೇಧ ಈಗಲೂ ಇದೆಯೇ?

ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ನಿಷೇಧದ ದೊಡ್ಡ ಎದುರಾಳಿ ಎಡ್ಗರ್ ಪಾರ್ಕರ್ ಎಂಬ ದಂತವೈದ್ಯ. ಬ್ಯಾಂಡು ಬಾರಿಸುವವರನ್ನು ಕಟ್ಟಿಕೊಂಡು ಬೀದಿಯಲ್ಲಿ ಹಲ್ಲು ಕೀಳುತ್ತಿದ್ದ. ಕಹಳೆಯ ಸದ್ದಿನಲ್ಲಿ ರೋಗಿಯ ಕೂಗು ಕೇಳುತ್ತಿರಲಿಲ್ಲ. 357 ಹಲ್ಲುಗಳ ಹಾರ ಮಾಡಿಕೊಂಡಿದ್ದ. "ನೋವಿಲ್ಲದ" ಎಂದು ಸುಳ್ಳು ಜಾಹೀರಾತು ಕೊಡುತ್ತಾನೆಂಬ ಆಕ್ಷೇಪ ಬಂದಾಗ 1915ರಲ್ಲಿ ತನ್ನ ಹೆಸರನ್ನೇ ಕಾನೂನಿನ ಪ್ರಕಾರ "ಪೇನ್‌ಲೆಸ್" ಎಂದು ಬದಲಿಸಿಕೊಂಡ.

ಇನ್ನೊಂದು ಮಗ್ಗುಲೂ ಇದೆ. ಜಾಹೀರಾತು ಪೂರ್ತಿ ನಿಂತರೆ ದರ ಎಷ್ಟೆಂದು ಜನರಿಗೆ ತಿಳಿಯುವುದಾದರೂ ಹೇಗೆ? ಅಮೆರಿಕದ ವ್ಯಾಪಾರ ಆಯೋಗ 1975ರಲ್ಲಿ ವೈದ್ಯರ ಸಂಘದ ಮೇಲೆ ಇದೇ ದೂರು ಹೂಡಿತು. 1982ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಸಮನಾಗಿ ಒಡೆದುದರಿಂದ ಆಯೋಗದ ಆದೇಶವೇ ಉಳಿಯಿತು. ಆಮೇಲೆ ಅಲ್ಲಿ ಸುಳ್ಳು ಮತ್ತು ದಾರಿತಪ್ಪಿಸುವ ಜಾಹೀರಾತು ಮಾತ್ರ ತಪ್ಪು.

ಸಂಹಿತೆ ಇದ್ದರೂ ನಾಜಿ ವೈದ್ಯರು ಹಾಗೇಕೆ ನಡೆದುಕೊಂಡರು?

ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಏಕೆಂದರೆ ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಬೇಕೆಂಬ ಸರ್ಕಾರಿ ಮಾರ್ಗಸೂಚಿ ಜರ್ಮನಿಯಲ್ಲಿ 1931ರಲ್ಲೇ ಬಂದಿತ್ತು. ನಿಯಮ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೆಲವು ಜನರನ್ನು ಮನುಷ್ಯರ ಲೆಕ್ಕದಿಂದಲೇ ತೆಗೆದುಹಾಕಿದಾಗ ನಿಯಮ ಅವರಿಗೆ ಅನ್ವಯಿಸುವುದು ನಿಂತುಹೋಯಿತು. ದಂತವೈದ್ಯರೂ ಹೊರಗಿರಲಿಲ್ಲ: 1940ರಲ್ಲಿ ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಹೊರಡಿಸಿದ ಆದೇಶದಂತೆ ಶಿಬಿರಗಳಲ್ಲಿ ಸತ್ತವರ ಬಾಯಿಂದ ಚಿನ್ನದ ಹಲ್ಲು ಕೀಳಿಸುವ ಉಸ್ತುವಾರಿ ಎಸ್‌ಎಸ್ ದಂತವೈದ್ಯರದ್ದಾಗಿತ್ತು.

ಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ 23 ಮಂದಿಯ ವಿಚಾರಣೆ ನಡೆದು 1947ರ ಆಗಸ್ಟಿನಲ್ಲಿ ತೀರ್ಪು ಬಂತು. ತೀರ್ಪಿನೊಳಗೇ ಇದ್ದ ಹತ್ತು ಅಂಶಗಳು ನ್ಯೂರೆಂಬರ್ಗ್ ಸಂಹಿತೆಯಾದವು. ಮೊದಲನೆಯದೇ ಪ್ರಯೋಗಕ್ಕೊಳಗಾಗುವವರ ಸ್ವಂತ ಒಪ್ಪಿಗೆ. ಗಮನಿಸಿ, ಇದನ್ನು ಬರೆದದ್ದು ವೈದ್ಯರ ಸಂಘವಲ್ಲ, ನ್ಯಾಯಾಲಯ. ಅದೇ ವರ್ಷ ಹುಟ್ಟಿದ ವಿಶ್ವ ವೈದ್ಯಕೀಯ ಸಂಘ 1948ರಲ್ಲಿ ವೈದ್ಯರ ಪ್ರತಿಜ್ಞೆಯಾಗಿ ಜಿನೀವಾ ಘೋಷಣೆಯನ್ನೂ 1964ರಲ್ಲಿ ಸಂಶೋಧನೆಗಾಗಿ ಹೆಲ್ಸಿಂಕಿ ಘೋಷಣೆಯನ್ನೂ ತಂದಿತು. ಎರಡನ್ನೂ ಹಲವು ಬಾರಿ ತಿದ್ದಲಾಗಿದೆ.

ದಂತವೈದ್ಯಶಾಸ್ತ್ರದಲ್ಲೂ ಅನೈತಿಕ ಪ್ರಯೋಗ ನಡೆದಿದೆಯೇ?

ನಡೆದಿದೆ, ಅದರ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿ ತೀವ್ರ ಬುದ್ಧಿಮಾಂದ್ಯತೆಯ ಜನರಿದ್ದರು. ಸಕ್ಕರೆಗೂ ಹುಳುಕಿಗೂ ಏನು ನಂಟು ಎಂದು ತಿಳಿಯಲು, 1940ರ ದಶಕದ ಕೊನೆಯಲ್ಲಿ, ಅಲ್ಲಿನವರಿಗೆ ಸಿಹಿ ತಿನ್ನಿಸಿದರು. ಹಲ್ಲಿಗೆ ಅಂಟಿಕೊಳ್ಳುವಂತೆಯೇ ವಿಶೇಷವಾಗಿ ತಯಾರಿಸಿದ ಟಾಫಿ. ಒಂದು ಗುಂಪಿಗೆ ದಿನಕ್ಕೆ 8, ಇನ್ನೊಂದಕ್ಕೆ 24. ಸರ್ಕಾರದ ಜೊತೆ ಮಿಠಾಯಿ ಉದ್ಯಮವೂ ಹಣ ಕೊಟ್ಟಿತ್ತು. ಅವರನ್ನಾಗಲಿ ಅವರ ಮನೆಯವರನ್ನಾಗಲಿ ಯಾರೂ ಕೇಳಲಿಲ್ಲ. ಅನೇಕರ ಹಲ್ಲುಗಳು ಹಾಳಾಗಿಹೋದವು.

ಊಟದ ನಡುವೆ ಮತ್ತೆಮತ್ತೆ ಅಂಟು ಸಿಹಿ ತಿಂದರೆ ಹಲ್ಲು ಹೆಚ್ಚು ಕೆಡುತ್ತದೆ ಎಂಬ ತಿಳಿವು 1954ರಲ್ಲಿ ಪ್ರಕಟವಾದ ಆ ವರದಿಯಿಂದ ಗಟ್ಟಿಯಾಯಿತು. ಸ್ವೀಡನ್ನಿನ ಮಕ್ಕಳಿಗೆ ಶನಿವಾರ ಮಾತ್ರ ಸಿಹಿ ಎಂಬ ರೂಢಿ ಬೆಳೆದದ್ದೂ ಅದರಿಂದಲೇ. ಊಟದ ಮಧ್ಯೆ ಸಿಹಿ ಬೇಡ ಎಂದು ಯಾವುದೇ ಮಗುವಿಗೆ ಹೇಳುವಾಗ ಆ ಜನರ ಋಣ ನಮ್ಮ ಮೇಲಿದೆ ಎಂದು ನಾನು ನಂಬುತ್ತೇನೆ.

ಇದಕ್ಕಿಂತ ದೀರ್ಘವಾದದ್ದು ಅಮೆರಿಕದ ಟಸ್ಕೀಗೀ: 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು, ಪೆನ್ಸಿಲಿನ್ ಬಂದ ಮೇಲೂ, ಚಿಕಿತ್ಸೆ ಕೊಡದೆ ಗಮನಿಸುತ್ತ ಕುಳಿತರು. ಅದು ಪತ್ರಿಕೆಗಳಲ್ಲಿ ಬಯಲಾದ ಮೇಲೆಯೇ ಅಲ್ಲಿ ಸಂಶೋಧನೆಗೆ ಬಿಗಿಯಾದ ಕಾನೂನು ಬಂತು.

ರೋಗಿಯ ಒಪ್ಪಿಗೆ ಕೇಳುವ ಪದ್ಧತಿ ಯಾವಾಗಿನದು?

ನಾವು ಅಂದುಕೊಂಡಷ್ಟು ಹಳೆಯದಲ್ಲ. ವಯಸ್ಕ, ಸ್ವಸ್ಥಮನಸ್ಕ ವ್ಯಕ್ತಿಗೆ ತನ್ನ ದೇಹದ ಮೇಲೆ ಏನು ನಡೆಯಬೇಕೆಂದು ನಿರ್ಧರಿಸುವ ಹಕ್ಕಿದೆ ಎಂದು ನ್ಯೂಯಾರ್ಕಿನ ನ್ಯಾಯಾಧೀಶ ಕಾರ್ಡೋಜೊ 1914ರಲ್ಲಿ ಬರೆದರು. ಎಲ್ಲ ತಿಳಿದು ಕೊಡುವ ಒಪ್ಪಿಗೆ ಎಂಬ ಪರಿಭಾಷೆ ಕ್ಯಾಲಿಫೋರ್ನಿಯಾದ ತೀರ್ಪೊಂದರಲ್ಲಿ ಬಂದದ್ದು 1957ರಲ್ಲಿ. ಅಮೆರಿಕನ್ ವೈದ್ಯರ ತತ್ವಗಳಲ್ಲಿ "ರೋಗಿಗಳ ಹಕ್ಕು" ಎಂಬ ಮಾತು ಸೇರಿದ್ದು 1980ರಲ್ಲಿ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ, ಎಷ್ಟು ಹೇಳಬೇಕೆಂಬುದನ್ನು ಅಳೆಯಬೇಕಾದದ್ದು ವೈದ್ಯರ ರೂಢಿಯಿಂದಲ್ಲ, ರೋಗಿಗೆ ಯಾವುದು ಮುಖ್ಯವೋ ಅದರಿಂದ ಎಂದಿತು. ಇಲ್ಲೂ ಮುಂದೆ ನಡೆದದ್ದು ನ್ಯಾಯಾಲಯ, ಹಿಂದೆ ಬಂದದ್ದು ವೃತ್ತಿ.

ಸಂಹಿತೆಯ ಹೆಸರಿನಲ್ಲಿ ಯಾರನ್ನಾದರೂ ಹೊರಗಿಟ್ಟದ್ದು ಇದೆಯೇ?

ಇದೆ. 1870ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘ ಕಪ್ಪು ವೈದ್ಯರನ್ನೊಳಗೊಂಡ ವಾಷಿಂಗ್ಟನ್ನಿನ ತಂಡಕ್ಕೆ ಸಭೆಯಲ್ಲಿ ಸ್ಥಾನ ಕೊಡಲಿಲ್ಲ. ಕಾರಣವಾಗಿ ಮುಂದಿಟ್ಟದ್ದು ವೃತ್ತಿಶಿಸ್ತಿನ ಮಾತುಗಳನ್ನು. ಕಪ್ಪು ವೈದ್ಯರು 1895ರಲ್ಲಿ, ದಂತವೈದ್ಯರು 1913ರಲ್ಲಿ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ವೈದ್ಯರ ಸಂಘ 2008ರಲ್ಲಿ, ದಂತವೈದ್ಯರ ಸಂಘ 2010ರಲ್ಲಿ ಕ್ಷಮೆ ಕೇಳಿದವು.

ಎಚ್‌ಐವಿ ಇರುವವರಿಗೆ ಚಿಕಿತ್ಸೆ ನಿರಾಕರಿಸಬಹುದೇ?

ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವುದು ಅನೀತಿ ಎಂದು ಇಂದಿನ ಸಂಹಿತೆಗಳು ಹೇಳುತ್ತವೆ. ಹಲ್ಲಿನ ಕುಳಿ ತುಂಬಿಸಿಕೊಳ್ಳಲು ಬಂದ ಮಹಿಳೆಗೆ ಅಮೆರಿಕದ ಮೇನ್ ರಾಜ್ಯದ ದಂತವೈದ್ಯರೊಬ್ಬರು, ಆಸ್ಪತ್ರೆಯಲ್ಲಾದರೆ ಮಾಡುತ್ತೇನೆ, ಅದರ ವೆಚ್ಚ ನೀವೇ ಕೊಡಬೇಕು ಎಂದಿದ್ದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರೋಗಲಕ್ಷಣ ಕಾಣಿಸದಿದ್ದರೂ ಎಚ್‌ಐವಿ ಇರುವವರಿಗೆ ಅಂಗವೈಕಲ್ಯ ಕಾಯ್ದೆಯ ರಕ್ಷಣೆ ಇದೆ ಎಂದು 1998ರಲ್ಲಿ ತೀರ್ಪಾಯಿತು.

ಸಂಹಿತೆ ಮುರಿದರೆ ಶಿಕ್ಷೆ ಕೊಡುವವರು ಯಾರು?

ಸಂಘಗಳು ಸದಸ್ಯತ್ವವನ್ನಷ್ಟೇ ಕಿತ್ತುಕೊಳ್ಳಬಲ್ಲವು. ನೋಂದಣಿ ರದ್ದುಮಾಡುವ ಅಧಿಕಾರ ಕಾನೂನಿನಿಂದ ಬರುತ್ತದೆ. ಬ್ರಿಟನ್ನಿನಲ್ಲಿ ವೈದ್ಯರಿಗೆ 1858ರಲ್ಲಿ, ದಂತವೈದ್ಯರಿಗೆ 1878ರಲ್ಲಿ ನೋಂದಣಿ ಕಾಯ್ದೆ ಬಂತು. ಆದರೂ ನೋಂದಣಿಯಿಲ್ಲದವರು ಹಲ್ಲು ಕೀಳುವುದು 1921ರ ಕಾಯ್ದೆಯವರೆಗೆ ನಿಲ್ಲಲಿಲ್ಲ. ಭಾರತದಲ್ಲಿ 1948ರ ದಂತವೈದ್ಯರ ಕಾಯ್ದೆಯಡಿ 1976ರಲ್ಲಿ ನೀತಿಸಂಹಿತೆಯ ನಿಯಮಗಳು ಬಂದು, 2014ರಲ್ಲಿ ಪರಿಷ್ಕೃತಗೊಂಡವು.

ದಂತವೈದ್ಯರ ಸಂಹಿತೆಯಲ್ಲಿ ಸತ್ಯಕ್ಕೆ ಪ್ರತ್ಯೇಕ ಸ್ಥಾನ ಏಕೆ?

ವೈದ್ಯಕೀಯ ನೀತಿಯಲ್ಲಿ ಸಾಮಾನ್ಯವಾಗಿ ನಾಲ್ಕು ತತ್ವ ಹೇಳುತ್ತಾರೆ: ರೋಗಿಯ ಸ್ವನಿರ್ಧಾರ, ಹಾನಿ ಮಾಡದಿರುವುದು, ಹಿತ ಮಾಡುವುದು, ನ್ಯಾಯ. ಅಮೆರಿಕನ್ ದಂತವೈದ್ಯ ಸಂಘದ ಸಂಹಿತೆ ಐದನೆಯದಾಗಿ ಸತ್ಯವನ್ನು ಸೇರಿಸಿದೆ. ನನಗೆ ಇದು ತುಂಬ ಸರಿ ಎನಿಸುತ್ತದೆ. ಕುರ್ಚಿಯಲ್ಲಿ ಒರಗಿ ಬಾಯಿ ತೆರೆದವರಿಗೆ ತಮ್ಮ ದವಡೆಹಲ್ಲು ಕಾಣುವುದಿಲ್ಲ, ಆ ಹೊತ್ತಿನಲ್ಲಿ ಮಾತೂ ಆಡಲಾಗುವುದಿಲ್ಲ. ಹುಳುಕಿದೆ ಎಂದರೆ ನಂಬಬೇಕು. ಕೊರೆದ ಹಲ್ಲು ಮತ್ತೆ ಬೆಳೆಯುವುದೂ ಇಲ್ಲ.

ಸತ್ಯದ ಆ ಅಧ್ಯಾಯದಲ್ಲೇ ಅಮಾಲ್ಗಮ್ ಮತ್ತೆ ಬರುತ್ತದೆ. ಅಲರ್ಜಿಯಿಲ್ಲದ ರೋಗಿಯ ಬಾಯಲ್ಲಿರುವ ಅಮಾಲ್ಗಮ್ಮನ್ನು, ಮೈಯಿಂದ ವಿಷ ತೆಗೆಯುತ್ತೇನೆ ಎಂದು ದಂತವೈದ್ಯರೇ ಸಲಹೆ ಕೊಟ್ಟು ಕೀಳಿಸುವುದು ಅನೀತಿ ಎಂದು ಅದು ಹೇಳುತ್ತದೆ. 1845ರಲ್ಲಿ ಅದನ್ನು ತುಂಬಿದವರನ್ನು ಸಂಘದಿಂದ ಹೊರಗಟ್ಟುತ್ತಿದ್ದರು.